ಗೋಡೆಯ ಲೆಕ್ಕ

ಬಾಗಿಲ ಕೆಳಗಿನ ಸಂದಿಯಲ್ಲಿ ಗಾಳಿ ಉಲ್ಟಾ ಹೋಗುತ್ತಿತ್ತು. ಗುಬ್ಬಿ ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ನೋಡಿದಳು. ಸಂದಿಯ ಉದ್ದಕ್ಕೂ ಸಣ್ಣ ನೀಲಿ ಬಾಣಗಳು ಒಳಗಿನಿಂದ ಹೊರಕ್ಕೆ ಮುಖ ಮಾಡಿ ನಿಂತಿದ್ದವು.

ಅದು ಇನ್ನೂ ಕಟ್ಟದ ಆಸ್ಪತ್ರೆಯೊಂದರ ಸೋಂಕಿನ ವಾರ್ಡು. ಮೊದಲು ಕಾರಿಡಾರು, ಆಮೇಲೆ ಕೈ ತೊಳೆಯುವ ಪುಟ್ಟ ಕೋಣೆ, ಅದರಾಚೆ ರೋಗಿಯ ಕೋಣೆ. ರೋಗಿಯ ಕೋಣೆಯ ಗಾಳಿಯನ್ನು ಫ್ಯಾನೊಂದು ಎಳೆದು ತಾರಸಿಯ ಮೇಲೆ ಬಿಡುತ್ತದೆ. ಹಾಗಾಗಿ ಗಾಳಿ ಯಾವಾಗಲೂ ಹೊರಗಿನಿಂದ ಒಳಕ್ಕೆ ಹರಿಯಬೇಕು, ಒಳಗಿನದು ಕಾರಿಡಾರಿಗೆ ಬರಕೂಡದು. ಇಟ್ಟಿಗೆ ಏರುವ ಮೊದಲೇ ಗಾಳಿಯ ನಡೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿಕೊಡುವುದು ಇವರ ಕಸುಬು.

ಬೆಳಿಗ್ಗೆಯೇ ಆಸ್ಪತ್ರೆಯ ಎಂಜಿನಿಯರ್ ಫೋನು ಮಾಡಿದ್ದ.

"ಮೇಡಂ, ನಿಮ್ಮ ಚಿತ್ರ ನೋಡಿದೆ. ಫ್ಯಾನು ಸಾಲ್ದು ಅಂತ ತಾನೆ ಇದರರ್ಥ? ದೊಡ್ಡದಕ್ಕೆ ಹೇಳಿಬಿಡ್ಲಾ?"

"ನಾಳೆವರೆಗೂ ಏನೂ ಹೇಳ್ಬೇಡಿ."

"ನಾಳೆ ಅಂದ್ರೆ ನಾಳೇನೇ ತಾನೆ? ನಮ್ಮಲ್ಲಿ ನಾಳೆ ಅಂದ್ರೆ ಮುಂದಿನ ತಿಂಗಳು."

"ನಾಳೇನೇ," ಎಂದಿದ್ದಳು.

ಇವರು ಎಂದರೆ ಮೂವರು. ಅಪ್ಪ, ಅಣ್ಣ, ಗುಬ್ಬಿ. ಮನೆ ಮಹಡಿಯ ಮೇಲೆ, ಆಫೀಸು ಕೆಳಗೆ. ಕೆಳಗಡೆ ಹಿಂದಿನ ಕೋಣೆ ಅಪ್ಪನದು, ರಸ್ತೆ ಕಡೆಯದು ಅಣ್ಣನದು, ನಡುವಿನ ಹಜಾರದಲ್ಲಿ ಗುಬ್ಬಿಯ ಮೇಜು. ಚಿಕ್ಕಂದಿನಲ್ಲಿ ಕೊಕ್ಕಿನಲ್ಲಿ ಹೆಕ್ಕಿದ ಹಾಗೆ ತಿನ್ನುತ್ತಿದ್ದಳೆಂದು ಅಮ್ಮ ಇಟ್ಟ ಹೆಸರು, ಮೂವತ್ತು ದಾಟಿದರೂ ಬಿಟ್ಟು ಹೋಗಿರಲಿಲ್ಲ. ಅಮ್ಮನೇ ಬಿಟ್ಟು ಹೋಗಿದ್ದಳು.

ಲೆಕ್ಕ ಹಾಕುವ ಪ್ರೋಗ್ರಾಮು ಅಪ್ಪ ಬರೆದದ್ದು. ಗಾಳಿ ತುಂಬಿದ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಪೆಟ್ಟಿಗೆಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಗಾಳಿಯ ವೇಗವೆಷ್ಟು, ಒತ್ತಡವೆಷ್ಟು ಎಂದು ಕಂಡುಹಿಡಿಯುವ ಕೆಲಸ ಅದು. ಪ್ರೋಗ್ರಾಮಿನ ಒಳಗಿನ ಹೆಸರುಗಳನ್ನೆಲ್ಲ ಅಪ್ಪ ಕನ್ನಡದಲ್ಲೇ ಇಟ್ಟಿದ್ದ. ಪೆಟ್ಟಿಗೆಗೆ 'ಕೋಣೆ', ಎರಡು ಪೆಟ್ಟಿಗೆಗಳ ನಡುವಿನ ಮುಖಕ್ಕೆ 'ಗೋಡೆ', ನಿಜಕ್ಕೆ ಹತ್ತಿರವಾಗಲೆಂದು ಲೆಕ್ಕವನ್ನು ಮತ್ತೆ ಮತ್ತೆ ಮಾಡುವಾಗ ಉತ್ತರ ದಡಬಡ ಓಡದಂತೆ ಪ್ರತಿ ಸುತ್ತಿನಲ್ಲೂ ಅದನ್ನು ಸ್ವಲ್ಪ ಹಿಡಿದು ಬಿಡುವುದಕ್ಕೆ 'ಸಡಿಲ'. ಗೋಡೆಗಳೆಂದರೆ ಗಾಳಿ ದಾಟುವ ಗೋಡೆಗಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಈ ಹೆಸರುಗಳನ್ನು ನೋಡಿ ಹೊರಗಿನವರು ಇದ್ಯಾವ ಗಣಿತದ ಚಿಹ್ನೆಗಳೋ ಎಂದು ಗೌರವದಿಂದ ಕೇಳುತ್ತಿದ್ದುದುಂಟು.

ಹಿಂದಿನ ಬೇಸಿಗೆಯಲ್ಲಿ ಅಣ್ಣ ಅದನ್ನೆಲ್ಲ ಹೊಸದಾಗಿ ಬರೆದ. ಬರೆಯಲೇಬೇಕಿತ್ತು, ಹಳೆಯದು ಈಗಿನ ಕಂಪ್ಯೂಟರುಗಳಲ್ಲಿ ಕುಂಟುತ್ತಿತ್ತು. ಹೊಸದು ಹಳೆಯದರ ನಾಲ್ಕು ಪಟ್ಟು ವೇಗವಾಗಿ ಓಡಿತು. ಅದು ಪೂರ್ತಿ ಮುಗಿಯುವ ಮುಂಚೆಯೇ, ಗಿರಾಕಿಯೊಬ್ಬ ಬಂದು ಕೂತಿದ್ದಾಗ ಅಣ್ಣ ಅದನ್ನು ಓಡಿಸಿ ತೋರಿಸಿದ. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಮನೆ ನಂದು, ಸುಣ್ಣ ಬಳಿದಿರೋದು ಇವನು," ಎಂದ. ಗಿರಾಕಿ ನಕ್ಕ. ಅಣ್ಣ ನಗಲಿಲ್ಲ. ಅಂದಿನಿಂದ ಅಪ್ಪ ಮಗನ ನಡುವೆ ಮಾತಿಲ್ಲ.

ಮಾತಿಲ್ಲದಿದ್ದರೂ ಕೆಲಸ ನಡೆಯಬೇಕಲ್ಲ. ಹಾಗಾಗಿ ಮಾತು ಹಜಾರದ ಮೇಲೆ ಹಾದು ಹೋಗತೊಡಗಿತು. "ಅವನಿಗೆ ಹೇಳು" ಎಂದು ಹಿಂದಿನ ಕೋಣೆಯಿಂದ ಒಂದು ಬರುತ್ತಿತ್ತು, "ಅವರಿಗೆ ಹೇಳು" ಎಂದು ಮುಂದಿನ ಕೋಣೆಯಿಂದ ಇನ್ನೊಂದು. ಅಮ್ಮ ಇದ್ದಾಗ ಈ ಕೆಲಸ ಅವಳದಾಗಿತ್ತು, ಅಪ್ಪ ಮಗನ ಮುನಿಸು ಹೊಸದೇನಲ್ಲ. ಅಮ್ಮನ ಕೈಗುಣ ಗುಬ್ಬಿ ನೋಡಿ ಕಲಿತಿದ್ದಳು. ಅಪ್ಪನ ಕೋಣೆಯಿಂದ ಬಂದ ಮಾತಿನ ಮುಳ್ಳು ತೆಗೆದು ಅಣ್ಣನಿಗೆ ಬಡಿಸುವುದು, ಅಣ್ಣನ ಉತ್ತರಕ್ಕೆ ಚಿಟಿಕೆ ಸಕ್ಕರೆ ಹಾಕಿ ಅಪ್ಪನಿಗೆ ಮುಟ್ಟಿಸುವುದು. "ಆ ಕತ್ತೆಗೆ ಹೇಳು" ಎಂಬುದು ಹಜಾರ ದಾಟುವಷ್ಟರಲ್ಲಿ "ಅಣ್ಣಾ, ಅಪ್ಪ ಕೇಳಿದ್ರು" ಆಗುತ್ತಿತ್ತು. ಅತ್ತಿಗೆ ಇವಳನ್ನು ಅಂಚೆಯಮ್ಮ ಎಂದು ಕರೆಯುತ್ತಿದ್ದಳು. ಗುಬ್ಬಿಗೆ ಬೇಸರವೇನೂ ಇರಲಿಲ್ಲ. ಮನೆ ನಿಂತಿರುವುದು ತನ್ನಿಂದ ಎಂಬ ಭಾವನೆ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ ಒಂದು ಸುಖವಾಗಿತ್ತು.

ಉಲ್ಟಾ ಬಾಣಗಳನ್ನು ನೋಡಿ ಅವಳಿಗೆ ಮೊದಲು ಅನುಮಾನ ಬಂದದ್ದು ಫ್ಯಾನಿನ ಮೇಲಲ್ಲ. ಪ್ರೋಗ್ರಾಮಿನೊಳಗಿನ ಪ್ರತಿ ಕೋಣೆಯ ಗೋಡೆಗಳನ್ನು ದಾಟಿ ಬಂದ ಗಾಳಿ, ಹೋದ ಗಾಳಿ ಎರಡನ್ನೂ ಕೂಡಿಸಿ ಕಳೆದು ನೋಡಿದಳು. ಬಂದಷ್ಟೇ ಹೋಗಬೇಕು, ಉಳಿಕೆ ಸೊನ್ನೆಯಾಗಬೇಕು. ಸೊನ್ನೆಯಾಗಿರಲಿಲ್ಲ. ಬಾಗಿಲ ಸಂದಿಯ ಕೋಣೆಗಳಲ್ಲಿ ಗಾಳಿ ಎಲ್ಲಿಂದಲೋ ಹುಟ್ಟುತ್ತಿತ್ತು, ಪಕ್ಕದವುಗಳಲ್ಲಿ ಎಲ್ಲಿಗೋ ಮಾಯವಾಗುತ್ತಿತ್ತು. ದೊಡ್ಡ ಸಭಾಂಗಣ, ಗೋದಾಮುಗಳ ಲೆಕ್ಕದಲ್ಲಿ ಇಷ್ಟು ಸೋರಿಕೆ ಕಣ್ಣಿಗೇ ಬೀಳುವುದಿಲ್ಲ. ಬೆರಳಗಲದ ಸಂದಿಯಲ್ಲಿ ಅದೇ ಗಾಳಿಯ ದಿಕ್ಕನ್ನು ತಿರುಗಿಸಿಬಿಟ್ಟಿತ್ತು.

ಅಣ್ಣನ ಪ್ರೋಗ್ರಾಮನ್ನು ತೆರೆದು ಆ ಜಾಗಕ್ಕೆ ಬಂದಳು. ಹಳೆಯದರಲ್ಲಿ ನಡೆಯುತ್ತಿದ್ದುದು ಹೀಗೆ: ಮೊದಲು ಒಂದು ಅಂದಾಜು ಒತ್ತಡ ಹಿಡಿದು ವೇಗ ಲೆಕ್ಕ ಹಾಕುವುದು. ಆ ವೇಗಗಳು ಸುಳ್ಳು, ಬಂದದ್ದು ಹೋದದ್ದು ತಾಳೆಯಾಗುವುದಿಲ್ಲ. ಆಗ, ಪ್ರತಿ ಕೋಣೆಯಲ್ಲೂ ತಾಳೆಯಾಗಬೇಕಾದರೆ ಒತ್ತಡ ಎಷ್ಟಿರಬೇಕು ಎಂದು ಒಂದು ಸಮೀಕರಣ ಕಟ್ಟಿ ಬಿಡಿಸುವುದು. ಉತ್ತರ ಬಂದ ಮೇಲೆ ಅದೇ ಸಮೀಕರಣದೊಳಗಿನ ಸಂಖ್ಯೆಗಳಿಂದ ಗೋಡೆ ದಾಟುವ ಗಾಳಿಯನ್ನು ತಿದ್ದುವುದು. ಕೋಣೆಯ ನಡುವಿನ ವೇಗವನ್ನು ತಿದ್ದುವುದು ಬೇರೆ ಕೆಲಸ. ಹೀಗೆ ಅಪ್ಪ ಎರಡು ಬಾರಿ ತಿದ್ದುತ್ತಿದ್ದ, ಗೋಡೆಗೊಮ್ಮೆ, ಕೋಣೆಗೊಮ್ಮೆ. ಅಣ್ಣ ಅದನ್ನು ಒಂದು ಮಾಡಿದ್ದ. ಕೋಣೆಯ ವೇಗವನ್ನು ತಿದ್ದಿ, ಅಕ್ಕಪಕ್ಕದ ಎರಡು ಕೋಣೆಗಳ ವೇಗದ ಸರಾಸರಿಯನ್ನು ಗೋಡೆಗೆ ಕೊಟ್ಟಿದ್ದ. ಒಂದೇ ಕೆಲಸವನ್ನು ಎರಡು ಸಲ ಏಕೆ ಮಾಡಬೇಕು ಎಂದುಕೊಂಡಿರಬೇಕು. ನೋಡುವವರಿಗೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಅಪ್ಪನಿಗೆ ಮಾತ್ರ ಅನ್ನಿಸಿರಲಿಲ್ಲ. ಅವಳಿಗೆ ನೆನಪಾದದ್ದು ಆಗ. ಅಣ್ಣ ಹೊಸದನ್ನು ಬರೆದು ಮುಗಿಸುವ ಮುಂಚೆ ಅಪ್ಪ ಕರೆದು ಹೇಳಿದ್ದ: "ಗೋಡೆ ಲೆಕ್ಕ ಮುಟ್ಟಬೇಡ ಅಂತ ಅವನಿಗೆ ಹೇಳು. ಅದು ಸಮೀಕರಣದ ಹೊಟ್ಟೆಯಿಂದಲೇ ಬರಬೇಕು, ಕೋಣೆಯಿಂದಲ್ಲ. ತಲೆಯಲ್ಲಿ ಜೇಡಿಮಣ್ಣು ಇಲ್ಲದಿದ್ದರೆ ಅರ್ಥವಾಗುತ್ತೆ ಅನ್ನು." ಜೇಡಿಮಣ್ಣನ್ನು ತೆಗೆಯುವ ಭರದಲ್ಲಿ ಅವಳು ಹೊಟ್ಟೆಯನ್ನೂ ತೆಗೆದಿದ್ದಳು. ಅಣ್ಣನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: "ಅಣ್ಣಾ, ಗೋಡೆ ಲೆಕ್ಕ ಸ್ವಲ್ಪ ನೋಡ್ಕೊಂಡು ಮಾಡಬೇಕಂತೆ." ಅಣ್ಣ, "ನಾನೇನು ಕಣ್ಣು ಮುಚ್ಕೊಂಡು ಮಾಡ್ತಿದ್ದೀನಾ?" ಎಂದಿದ್ದ. ಅವಳು ಅಪ್ಪನ ಬಳಿ ಹೋಗಿ, "ಆಗಲಿ ಅಂದ," ಎಂದು ಹೇಳಿದ್ದಳು.

ಗುಬ್ಬಿ ಕುರ್ಚಿಗೆ ಒರಗಿದಳು. ಹಿಂದಿನ ಕೋಣೆಯಲ್ಲಿ ಅಪ್ಪ ಕೆಮ್ಮಿದ. ಮುಂದಿನ ಕೋಣೆಯಲ್ಲಿ ಅಣ್ಣನ ಬೆರಳುಗಳ ಟಕಟಕ. ಈ ಎರಡು ಸದ್ದುಗಳ ನಡುವೆ ಕೂತು ಅವಳು ಯೋಚಿಸಿದ್ದು ಗಾಳಿಯ ಬಗ್ಗೆಯಲ್ಲ. ಇದನ್ನು ಯಾರಿಗೆ ಹೇಳಿದರೂ ಆ ಹಳೆಯ ಮಾತು ಹೊರಬರುತ್ತದೆ. ಒಂದು ಬಂದರೆ ಬಾಲಕ್ಕೆ ಬಾಲ ಹಿಡಿದು ಉಳಿದವೂ ಬರುತ್ತವೆ. ಇಷ್ಟು ದಿನ ತಾನು ಏನೇನು ಹೊತ್ತು ತಂದೆ, ಏನೇನು ದಾರಿಯಲ್ಲಿ ಚೆಲ್ಲಿದೆ ಎಂದು ಇಬ್ಬರೂ ಕೂತು ಲೆಕ್ಕ ಕೇಳುತ್ತಾರೆ. ಆಮೇಲೆ ಅವಳ ಬಾಯಿಂದ ಬಂದ ಯಾವ ಮಾತನ್ನೂ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಹಾಗಾಗಿ ಸದ್ದಿಲ್ಲದೆ ತಾನೇ ಸರಿಮಾಡಲು ಕೂತಳು. ಸರಾಸರಿಯ ಸಾಲು ಅಳಿಸಿ, ಒತ್ತಡದಿಂದ ನೇರವಾಗಿ ಗೋಡೆಯ ಗಾಳಿಯನ್ನು ತಿದ್ದುವ ಸಾಲು ಬರೆದಳು. ಲೆಕ್ಕ ಓಡಿತು. ಸೋರಿಕೆ ತಗ್ಗಿತು, ನಿಲ್ಲಲಿಲ್ಲ. ಪ್ರತಿ ಸುತ್ತಿಗೂ ಉಳಿಕೆ ಏರುವುದು, ಇಳಿಯುವುದು, ಮತ್ತೆ ಏರುವುದು. ನೆಲೆಗೆ ಬರುವ ಲಕ್ಷಣವೇ ಇರಲಿಲ್ಲ. ನೀಲಿ ಬಾಣಗಳು ಒಂದು ಸುತ್ತಿನಲ್ಲಿ ಒಳಕ್ಕೆ ತಿರುಗಿದರೆ ಇನ್ನೊಂದರಲ್ಲಿ ಹೊರಕ್ಕೆ ತಿರುಗುತ್ತಿದ್ದವು.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದಾಗ ಅತ್ತಿಗೆ ಒಬ್ಬಳೇ ಇದ್ದಳು. ಅಪ್ಪ ಬೇಗ ಉಂಡು ಇಳಿದುಹೋಗುತ್ತಿದ್ದ, ಅಣ್ಣ ತಡವಾಗಿ ಬರುತ್ತಿದ್ದ. ಆ ನಡುವಿನ ಹೊತ್ತು ಹೆಂಗಸರದು.

"ಏನು ಅಂಚೆಯಮ್ಮ, ಮುಖ ಬಾಡಿದೆ? ಇವತ್ತು ಟಪಾಲು ಜಾಸ್ತಿನಾ?"

"ಏನಿಲ್ಲ ಅತ್ತಿಗೆ. ಒಂದು ಲೆಕ್ಕ ಕೂರ್ತಿಲ್ಲ."

"ನಿಮ್ಮಣ್ಣನ್ನ ಕೇಳು."

ಗುಬ್ಬಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಾವನ್ನ ಕೇಳು, ಹಾಗಾದ್ರೆ." ಅತ್ತಿಗೆ ಬಡಿಸುತ್ತಿದ್ದ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. "ಇಬ್ಬರನ್ನೂ ಕೇಳೋ ಹಾಗಿಲ್ಲ ಅಂದ್ರೆ ಅದು ಲೆಕ್ಕ ಅಲ್ಲ, ಬೇರೆ ಏನೋ."

"ಅತ್ತಿಗೆ, ಅಪ್ಪ ಅಂದದ್ದನ್ನ ನಾನು ಅಣ್ಣನ ಹತ್ರ ಹೇಗಿತ್ತೋ ಹಾಗೆ ಹೇಳಿಲ್ಲ ಅಂತ ನಿಮಗೆ ಗೊತ್ತಾ?"

"ಅಯ್ಯೋ, ಅದು ನಿಮ್ಮಣ್ಣನಿಗೂ ಗೊತ್ತು. 'ಅಪ್ಪ ಇಷ್ಟು ನಯವಾಗಿ ಮಾತಾಡಿದ್ರೆ ನಾನು ನನ್ನ ಹೆಸರು ಬದಲಾಯಿಸ್ತೀನಿ' ಅಂತ ನಗ್ತಿರ್ತಾರೆ. ಬೈಗುಳ ತೆಗೆದಿದ್ದೀಯ ಅಂತ ಗೊತ್ತು. ಏನು ಉಳಿಸಿದ್ದೀಯ ಅನ್ನೋದು ಗೊತ್ತಿಲ್ಲ, ಅಷ್ಟೆ."

ಗುಬ್ಬಿ ತಟ್ಟೆ ಪಕ್ಕಕ್ಕೆ ಸರಿಸಿದಳು. ನೀರು ಕುಡಿದು ಎದ್ದಳು.

ಅಪ್ಪನ ಕೋಣೆಯಲ್ಲಿ ಕಿಟಕಿಯ ಕಡೆಗೆ ಬೆನ್ನು ಹಾಕಿದ ಮೇಜು, ಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟು. ಅಪ್ಪ ಕನ್ನಡಕ ಒರೆಸುತ್ತಿದ್ದ.

"ಅಪ್ಪಾ, ಒಂದು ಸುಮ್ನೆ ಕೇಳ್ತೀನಿ. ಒತ್ತಡದ ಸಮೀಕರಣ ಬಿಡಿಸಿ ಆಯ್ತು. ಆಮೇಲೆ ಒತ್ತಡಾನ ಸಡಿಲ ಮಾಡ್ತೀವಿ. ಆಮೇಲೆ ಗೋಡೆ ತಿದ್ತೀವಿ. ಆದ್ರೂ ಉಳಿಕೆ ಸೊನ್ನೆ ಬರಲ್ಲ. ಯಾಕೆ?"

"ಸುಮ್ನೆ ಕೇಳೋ ಪ್ರಶ್ನೆ ಅಲ್ಲ ಇದು." ಅಪ್ಪ ಕನ್ನಡಕ ಹಾಕಿಕೊಂಡ. "ಸಡಿಲ ಮಾಡಿ ಆಮೇಲೆ ಗೋಡೆ ತಿದ್ದಿದ್ರೆ ಹೇಗೆ ಬರುತ್ತೆ ಸೊನ್ನೆ? ಪ್ರತಿ ಕೋಣೆ ತಾಳೆ ಆಗಬೇಕು ಅಂದ್ರೆ ಇಷ್ಟು ಒತ್ತಡ ಬೇಕು ಅಂತ ಸಮೀಕರಣ ಹೇಳಿದೆ. ನೀನು ಅದರಲ್ಲಿ ಸ್ವಲ್ಪ ಹಿಡ್ಕೊಂಡು ಉಳಿದಿದ್ದನ್ನ ಗೋಡೆಗೆ ಕೊಟ್ಟು, ತಾಳೆ ಆಗು ಅಂದ್ರೆ ಆಗುತ್ತಾ? ಗೋಡೆಗೆ ಪೂರ್ತಿ ಕೊಡು. ಬಂದದ್ದು ಬಂದ ಹಾಗೆ. ಸಡಿಲ ಮಾಡೋದು ಆಮೇಲೆ, ಕೋಣೆಯ ವೇಗ ತಿದ್ದುವಾಗ."

"ಕೋಣೆ ಮಾತ್ರ ತಾಳೆ ಆಗದಿದ್ರೂ ನಡೆಯುತ್ತಾ?"

"ಕೋಣೆ ನಿಧಾನವಾಗಿ ದಾರಿಗೆ ಬರುತ್ತೆ. ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ. ಗೋಡೆಗೆ ಆ ಸಾವಕಾಶ ಇಲ್ಲ."

ಗುಬ್ಬಿಗೆ ಆ ಮಾತು ಬರಿಯ ಲೆಕ್ಕದ್ದಾಗಿ ಕೇಳಿಸಲಿಲ್ಲ. ಅದರ ಬಗ್ಗೆ ಹೆಚ್ಚು ಯೋಚಿಸುವ ಇಷ್ಟವೂ ಅವಳಿಗಿರಲಿಲ್ಲ. ಎದ್ದು ಹೋಗಬಹುದಿತ್ತು. ಬೇಕಾದ್ದು ಸಿಕ್ಕಿತ್ತು. ಎರಡು ಸಾಲು ಅದಲುಬದಲು ಮಾಡಿದರೆ ವಾರ್ಡಿನ ಲೆಕ್ಕ ಮುಗಿಯುತ್ತಿತ್ತು.

"ಹೌದೂ," ಅಪ್ಪ ಕೇಳಿದ, "ಇದನ್ನ ಈಗ್ಯಾಕೆ ಕೇಳ್ತಿದ್ದೀಯ? ಗೋಡೆ ಲೆಕ್ಕ ಮುಟ್ಟಬೇಡ ಅಂತ ಅವನಿಗೆ ಹೇಳಿದ್ದೆಯಲ್ಲ?"

ಅವಳು ಮಾತಾಡಲಿಲ್ಲ. ಅಪ್ಪ ಆ ಮೌನವನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡ.

"ಮುಟ್ಟಿದ್ದಾನೆ. ಹೇಳಿಯೂ ಮುಟ್ಟಿದ್ದಾನೆ. ಹೋಗು, ಅವನಿಗೆ ಹೇಳು. ಹೇಳಿದ್ದು ಕಿವಿಗೆ ಹೋಗದವನು ಲೆಕ್ಕ ಮಾಡೋದು ಬಿಟ್ಟು ಸುಣ್ಣ ಬಳಿಯೋಕೆ ಹೋಗಲಿ, ಅದರಲ್ಲಾದರೂ ಕೈ ಪಳಗಿದೆ. ನಾಳೆಯಿಂದ ಆ ಪ್ರೋಗ್ರಾಮು ಅವನು ತೆರೆಯೋದು ಬೇಡ. ಹಾಗೇ ಹೇಳು."

ಹಜಾರ ಉದ್ದವೇನೂ ಇರಲಿಲ್ಲ. ಎಂದಿನಂತೆ ಮಾತುಗಳು ಅವಳ ತಲೆಯಲ್ಲಿ ತಾವಾಗಿಯೇ ಬೇರೆ ಬಟ್ಟೆ ತೊಡತೊಡಗಿದವು. ಅಣ್ಣಾ, ಅಪ್ಪನಿಗೆ ಒಂದು ಸಣ್ಣ ಅನುಮಾನ. ಅಣ್ಣಾ, ಆಸ್ಪತ್ರೆ ಲೆಕ್ಕ ಇನ್ನೊಮ್ಮೆ ನೋಡ್ಬೇಕಂತೆ. ಹೀಗೆ ಹೇಳಿ, ಸಾಲುಗಳನ್ನು ತಾನೇ ತಿದ್ದಿಬಿಟ್ಟರೆ ಅಣ್ಣನಿಗೆ ಏನೂ ತಿಳಿಯುವುದಿಲ್ಲ. ಅಪ್ಪನ ಕಣ್ಣಲ್ಲಿ ಮಾತ್ರ ಅವನು ಹೇಳಿದ್ದು ಕೇಳದವನಾಗಿ ಉಳಿಯುತ್ತಾನೆ. ಕೇಳಿಯೇ ಇರದ ಮಾತಿಗೆ.

ಅಣ್ಣನ ಬಾಗಿಲಲ್ಲಿ ನಿಂತಳು.

"ಅಪ್ಪ ಹೇಳಿದ್ರು," ಎಂದಳು. "ಹೇಳಿದ್ದು ಕಿವಿಗೆ ಹೋಗದವನು ಲೆಕ್ಕ ಮಾಡೋದು ಬಿಟ್ಟು ಸುಣ್ಣ ಬಳಿಯೋಕೆ ಹೋಗಲಿ, ಅದರಲ್ಲಾದರೂ ಕೈ ಪಳಗಿದೆ. ನಾಳೆಯಿಂದ ಆ ಪ್ರೋಗ್ರಾಮು ಅವನು ತೆರೆಯೋದು ಬೇಡ."

ಅಣ್ಣನ ಬೆರಳುಗಳು ನಿಂತವು. ತಿರುಗಿ ಅವಳನ್ನು ನೋಡಿದ. ಸಿಟ್ಟಿಗಿಂತ ಬೆರಗು ಹೆಚ್ಚಾಗಿತ್ತು.

"ಹೀಗೇ ಅಂದ್ರಾ?"

"ಹೀಗೇ."

"ನೀನು ಏನೂ ಸೇರಿಸಿಲ್ಲ?"

"ಸೇರಿಸಿಲ್ಲ. ತೆಗೆದೂ ಇಲ್ಲ."

"ಏನು ಹೇಳಿದ್ರಂತೆ, ನನ್ನ ಕಿವಿಗೆ ಹೋಗದೇ ಇದ್ದದ್ದು?"

"ಅದನ್ನ ಅವರನ್ನೇ ಕೇಳು."

ಅಣ್ಣ ಎದ್ದ. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು. ಹಜಾರ ದಾಟಿ ಅಪ್ಪನ ಬಾಗಿಲ ಬಳಿ ಹೋಗಿ ನಿಂತ. ಆ ಕೋಣೆಗೆ ಅವನು ಕಾಲಿಟ್ಟು ಬಹಳ ದಿನವಾಗಿತ್ತು. ಗುಬ್ಬಿ ಹಿಂದೆಯೇ ಬಂದು, ಅವನ ಪಕ್ಕದಲ್ಲಿ ಗೋಡೆಗೆ ಆನಿಕೊಂಡು ನಿಂತಳು.

ಅಪ್ಪ ಅಣ್ಣನನ್ನು ನೋಡಲಿಲ್ಲ. ಗುಬ್ಬಿಯನ್ನು ನೋಡಿ, "ಏನಂತೆ ಅವನಿಗೆ?" ಎಂದ.

ಅವಳು ಸುಮ್ಮನಿದ್ದಳು.

"ಇವರು ಯಾವತ್ತು ಏನು ಹೇಳಿದ್ರು ಅಂತ ಕೇಳು ಗುಬ್ಬಿ," ಎಂದ ಅಣ್ಣ.

ಅದಕ್ಕೂ ಸುಮ್ಮನಿದ್ದಳು. ಮೇಲೆ ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತ ಕುಯ್ಯೆಂದಿತು. ಮಾತಾಡಬೇಕಾದ ಜಾಗದಲ್ಲಿ ಮಾತಾಡದೆ ನಿಲ್ಲುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ. ಬಾಯಿ ಎರಡು ಸಲ ತೆರೆಯಿತು. ಎರಡು ಸಲವೂ ಮುಚ್ಚಿಕೊಂಡಳು.

"ಗೋಡೆ ಲೆಕ್ಕ ಸಮೀಕರಣದ ಹೊಟ್ಟೆಯಿಂದ ಬರಬೇಕು ಅಂತ ಹೇಳಿದ್ದೆ," ಎಂದ ಅಪ್ಪ ಕೊನೆಗೆ, ಮೇಜಿಗೆ ಹೇಳುವ ಹಾಗೆ. "ಮುಟ್ಟಬೇಡ ಅಂತ ಹೇಳಿ ಕಳಿಸಿದ್ದೆ."

"ನನಗೆ ಬಂದದ್ದು 'ನೋಡ್ಕೊಂಡು ಮಾಡು' ಅಂತ. ಅಷ್ಟೇ. ಹೊಟ್ಟೆ ಗಿಟ್ಟೆ ಏನೂ ಬರಲಿಲ್ಲ." ಅಣ್ಣ ಈಗ ನೇರವಾಗಿ ಅಪ್ಪನಿಗೇ ಹೇಳುತ್ತಿದ್ದ. "ನೋಡ್ಕೊಂಡು ಮಾಡು ಅಂದ್ರೆ ಯಾರು ತಾನೆ ನಿಲ್ಲಿಸ್ತಾರೆ?"

"ಮತ್ತೆ ನೀನು 'ಆಗಲಿ' ಅಂದೆಯಂತೆ?"

"ನಾನೆಲ್ಲಿ ಅಂದೆ? ನಾನೇನು ಕಣ್ಣು ಮುಚ್ಕೊಂಡು ಮಾಡ್ತಿದ್ದೀನಾ ಅಂದೆ."

ಇಬ್ಬರೂ ಒಟ್ಟಿಗೆ ಗುಬ್ಬಿಯ ಕಡೆ ತಿರುಗಿದರು. ಅಪ್ಪನ ಮೂಗೂ ಅಣ್ಣನ ಮೂಗೂ ಒಂದೇ ಅಚ್ಚು. ಎರಡೂ ಮುಖಗಳಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ. ಅವರು ಒಂದು ಸಾಮಾನನ್ನು ನೋಡುವ ಹಾಗೆ ನೋಡಿದರು, ಇಷ್ಟು ದಿನ ಸರಿಯಿದೆ ಎಂದು ಬಳಸುತ್ತಿದ್ದ ತಕ್ಕಡಿಯನ್ನು.

"ಹೌದು," ಎಂದಳು. "ಹಾಗೇ ಆದದ್ದು."

"ಇನ್ನೂ ಎಷ್ಟಿವೆ ಇಂಥವು?" ಎಂದ ಅಪ್ಪ.

"ನೆನಪಿಲ್ಲಪ್ಪ. ಬಹಳ ಇರಬಹುದು."

 ಅಪ್ಪನ ಮನಸ್ಸಿನಲ್ಲಿ ಮಾತುಗಳು ಒಂದೊಂದಾಗಿ ಹಿಂದಕ್ಕೆ ಓಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ತಾನು ಅಂದದ್ದು, ಮಗ ಅಂದನೆಂದು ಕೇಳಿದ್ದು. ಅಣ್ಣನೂ ಅದನ್ನೇ ಮಾಡುತ್ತಿದ್ದ. 

ಮೊದಲು ಅಲುಗಿದ್ದು ಅಣ್ಣ. "ಸರಾಸರಿ ತಗೊಂಡ್ರೆ ಎಷ್ಟು ಸೋರುತ್ತೆ?" ಎಂದು ಕೇಳಿದ. ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಸಂದಿ ಚಿಕ್ಕದಾದಷ್ಟೂ ಜಾಸ್ತಿ. ಕೂತ್ಕೋ, ತೋರಿಸ್ತೀನಿ," ಎಂದು ಇನ್ನೊಂದು ಕುರ್ಚಿಯ ಮೇಲಿದ್ದ ಕಾಗದಗಳನ್ನು ನೆಲಕ್ಕಿಟ್ಟ.

ಅವಳು ಹಜಾರಕ್ಕೆ ಬಂದು ತನ್ನ ಮೇಜಿನಲ್ಲಿ ಕೂತಳು. ಒಳಗಿನ ಮಾತು ಬೇಗನೆ ಜಗಳಕ್ಕೆ ತಿರುಗಿತು. ಅಪ್ಪ ಹೆಸರುಗಳನ್ನು ಯಾಕೆ ಬದಲಾಯಿಸಿದೆ ಎಂದ. ಯಾರಿಗೂ ಓದಲಾಗದ ಹೆಸರು ಇಟ್ಟವರು ಯಾರು ಎಂದ ಅಣ್ಣ. ಹಿಂದೆಲ್ಲ ಈ ದನಿ ಕೇಳಿದೊಡನೆ ಅವಳ ಕಾಲು ತಾನಾಗಿ ಏಳುತ್ತಿತ್ತು. ಈಗಲೂ ಎದ್ದಿತು. ಅದುಮಿ ಹಿಡಿದು ಕೂತಳು.

ಜಗಳದ ನಡುವೆಯೇ ಕೆಲಸವೂ ಆಗುತ್ತಿತ್ತು. ಅಣ್ಣ ಎರಡು ಸಲ ತನ್ನ ಕೋಣೆಗೆ ಓಡಿಹೋಗಿ ಬಂದ, ಅವಳ ಮೇಜನ್ನು ಬಳಸಿಕೊಂಡು. ಸಂಜೆಯ ಬಿಸಿಲು ಹಜಾರದ ನೆಲಕ್ಕೆ ಬರುವಷ್ಟರಲ್ಲಿ ವಾರ್ಡಿನ ಲೆಕ್ಕ ಅವಳ ಪರದೆಯ ಮೇಲೆ ಮತ್ತೆ ಓಡತೊಡಗಿತು. ಗೋಡೆಗಳ ಉಳಿಕೆ ಮೊದಲ ಸುತ್ತಿನಲ್ಲೇ ಸೊನ್ನೆಗೆ ಇಳಿಯಿತು, ಅಲ್ಲೇ ಉಳಿಯಿತು. ಕೋಣೆಗಳ ವೇಗ ಮಾತ್ರ ಇನ್ನೂ ಅತ್ತಿತ್ತ ಅಲುಗುತ್ತಿತ್ತು. ಕಾದಳು. ಬಾಗಿಲ ಸಂದಿಯ ಬಾಣಗಳು ಒಂದೊಂದಾಗಿ ಒಳಕ್ಕೆ ತಿರುಗಿ ನಿಂತವು.

ಆಸ್ಪತ್ರೆಯ ಎಂಜಿನಿಯರಿಗೆ ಫೋನು ಮಾಡಿದಳು.

"ಫ್ಯಾನು ಬದಲಾಯಿಸ್ಬೇಡಿ. ಇರೋದೇ ಸಾಕು. ತಪ್ಪು ನಮ್ಮ ಲೆಕ್ಕದ್ದು."

"ನಿಮ್ಮದಾ? ಎಲ್ಲಿ ತಪ್ಪಿತ್ತು ಮೇಡಂ?"

 "ನಡುವೆ," ಎಂದಳು. "ವಿವರ ಬರೆದು ಕಳಿಸ್ತೀವಿ."

ಫೋನು ಇಟ್ಟಾಗ ಹಿಂದಿನ ಕೋಣೆಯಲ್ಲಿ ದನಿಗಳು ತಗ್ಗಿದ್ದವು. ಹೊಸ ಚಿತ್ರವನ್ನು ತೋರಿಸೋಣವೆಂದು ಬಾಗಿಲವರೆಗೆ ಹೋದಳು. ಇಬ್ಬರೂ ಒಂದೇ ಪರದೆಗೆ ಬಗ್ಗಿದ್ದರು. ಅಪ್ಪ ಬೆರಳಿಟ್ಟು ಏನೋ ತೋರಿಸುತ್ತಿದ್ದ, ಅಣ್ಣ ಒಪ್ಪದೆ ತಲೆಯಾಡಿಸುತ್ತಿದ್ದ. ಅವಳ ನೆರಳು ಮೇಜಿನ ಮೇಲೆ ಬಿದ್ದಾಗ ಅಪ್ಪ ಮಾತು ನಿಲ್ಲಿಸಿ ತಲೆ ಎತ್ತಿದ.

"ಏನಾದ್ರೂ ಬೇಕಿತ್ತೇನಮ್ಮ?" ಎಂದ.

ಹೊರಗಿನವರನ್ನು ಮಾತಾಡಿಸುವ ಮರ್ಯಾದೆ ಆ ದನಿಯಲ್ಲಿತ್ತು. ಅಪ್ಪ ಅವಳನ್ನು ಗುಬ್ಬಿ ಎನ್ನದೆ ಹೀಗೆ ಅಮ್ಮ ಎಂದು ಕರೆದದ್ದು ಅವಳಿಗೆ ನೆನಪಿರಲಿಲ್ಲ.

"ಲೆಕ್ಕ ಕೂತಿದೆ. ಹೇಳೋಣ ಅಂತ ಬಂದೆ."

"ಗೊತ್ತಾಯ್ತು, ಇಲ್ಲೂ ಕಾಣ್ತಿದೆ," ಎಂದ ಅಣ್ಣ, ಪರದೆಯಿಂದ ಕಣ್ಣು ತೆಗೆಯದೆ. ಆಮೇಲೆ ಅಪ್ಪನ ಕಡೆ ತಿರುಗಿ ಏನೋ ಕೇಳಿದ.